ಸಾಸಿವೆಯಷ್ಟು ಸಹನೆ

ಮಗ ಬೇಕೆಂದೇ ಹಾಲಿನ ಪಾತ್ರೆ ಉರುಳಿಸಿದ. ತಾಯಿ ಬೈಯಲಿಲ್ಲ. ಒರೆಸುವ ಬಟ್ಟೆ ತಂದು ಅವನ ಕೈಗಿಟ್ಟಳು. ಅವನೇ ಮಂಡಿಯೂರಿ ನೆಲ ಒರೆಸಿದ. ವಿಜ್ಞಾನ ಅಂದರೆ ಇದಪ್ಪಾ ಅಂದುಕೊಂಡ.

ತಿಂಗಳ ಹಿಂದಾಗಿದ್ದರೆ ಆಕೆಯ ಬಾಯಿಗೆ ಇಡೀ ಬೀದಿ ಕಿವಿ ಮುಚ್ಚಿಕೊಳ್ಳುತ್ತಿತ್ತು. ಬಟ್ಟೆ ಹೊಲಿಯುವವಳು, ನಾಲಿಗೆ ಕತ್ತರಿಗಿಂತ ಹರಿತ. ಮಗನೇನು ಕಡಿಮೆಯೇ? ಅವನ ಸಿಟ್ಟಿಗೆ ಮನೆಯಲ್ಲಿ ಒಂದು ತಟ್ಟೆಯೂ ನೆಟ್ಟಗಿರಲಿಲ್ಲ. ಮುಂದಿನ ಕೋಣೆಯಲ್ಲಿ ಆಕೆಯ ಹೊಲಿಗೆ ಮಿಷನ್ ಠಿಕಾಣಿ ಹೂಡಿತ್ತು. ಅವನನ್ನು ಸಾಕಿದ್ದು ಅದೇ ಮಿಷನ್. ಅದು ಬೇರೆ ಮಾತು. ಅವನಿಗೀಗ ಆ ಕೋಣೆಯಲ್ಲಿ ವ್ಯಾಯಾಮ ಮಾಡಬೇಕಿತ್ತು.

"ನಾನು ಸತ್ತ ಮೇಲೆ ಮಾಡ್ಕೋ" ಎಂದಿದ್ದಳು.

ಆಗ ಕಂಡದ್ದು ಬೀದಿಯ ಕಂಬಕಂಬಕ್ಕೂ ಅಂಟಿಸಿದ್ದ ಕ್ಲಿನಿಕ್ಕಿನ ಜಾಹೀರಾತು. ಕಿವಿಯ ಹಿಂದೆ ಸಾಸಿವೆಯಷ್ಟು ಚಿಪ್ ಕೂರಿಸಿದರೆ ಸಿಟ್ಟು ಮಾಯ. ಒಪ್ಪಿಗೆ? ಸಿಟ್ಟಿನವರು ಎಂದಾದರೂ ಒಪ್ಪುತ್ತಾರೆಯೇ? ಮನೆಯವರಲ್ಲಿ ಒಬ್ಬರು ಹ್ಞೂಂ ಅಂದರೆ ಸಾಕು. ಎಂಥ ನ್ಯಾಯವಂತ ಕ್ಲಿನಿಕ್ಕು ನೋಡಿ.

"ಅಮ್ಮನಿಗೆ ಹೇಳ್ಬೇಡಿ ಡಾಕ್ಟ್ರೇ. ಕಿವಿ ತೋರಿಸೋಕೆ ಅಂತ ಕರ್ಕೊಂಡು ಬರ್ತೀನಿ."

"ನಮ್ಮಲ್ಲಿ ಯಾರಿಗೂ ಮೊದಲೇ ಹೇಳಲ್ಲ" ಎಂದಳು ವೈದ್ಯೆ.

ತಾಯಿ ಮರುಮಾತಿಲ್ಲದೆ ಬಂದಳು. ಆಕೆಯನ್ನು ಒಳಗೆ ಕಳಿಸಿ ಮಗ ಹೊರಗೆ ಕೂತ. ಅಲ್ಲಿನವರು ಕೊಟ್ಟ ಹಣ್ಣಿನ ರಸ ಕುಡಿದು, ಸೋಫಾದಲ್ಲೇ ಒಳ್ಳೆಯ ನಿದ್ದೆ ತೆಗೆದ. ತಾಯಿಯ ಚಿಂತೆ ಮಕ್ಕಳನ್ನು ಎಷ್ಟು ದಣಿಸುತ್ತದೆ, ಪಾಪ.

ಅಂದಿನಿಂದ ಮನೆಯಲ್ಲಿ ಜಗಳವೇ ಇಲ್ಲ. ಮಿಷನ್ ಹೊರಗಿಡಲು ಹೋದಾಗ ಆಕೆ ಮೆತ್ತಗೆ "ಬೇಡ ಕಣೋ" ಎಂದಳು. ಇರಲಿ ಬಿಡು ಅನ್ನಿಸಿತು. ಗೆದ್ದವನಿಗೆ ಸ್ವಲ್ಪ ಉದಾರತೆ ಬೇಕಲ್ಲ. ಈಚೆಗೆ ಆಕೆ ಹೊಲಿದ ಅಂಗಿಗಳಿಗೆ ಗುಂಡಿಯನ್ನೂ ಹಾಕಿಕೊಡುತ್ತಿದ್ದ.

ಮರುತಪಾಸಣೆಗೆ ಇಬ್ಬರೂ ಹೋದರು. ವೈದ್ಯೆ ತಾಯಿಯ ಕಡೆ ತಿರುಗಿಯೂ ನೋಡಲಿಲ್ಲ. ಕೈಯಲ್ಲಿದ್ದ ಉಪಕರಣವನ್ನು ಮಗನ ಕಿವಿಯ ಹಿಂದೆ ಹಿಡಿದಳು. ಅದು ಕುಂಯ್ ಎಂದಿತು.

"ಚೆನ್ನಾಗಿ ಕೂತಿದೆ. ನಿಮಗಿಂತ ಒಂದು ದಿನ ಮೊದಲೇ ನಿಮ್ಮಮ್ಮ ಬಂದು ಹ್ಞೂಂ ಅಂದಿದ್ರು."

"ಮತ್ತೆ ನೀನ್ಯಾಕೆ ಬೈತಾನೇ ಇರ್ಲಿಲ್ಲ?" ಮಗ ತಾಯಿಯತ್ತ ತಿರುಗಿದ.

"ಹೇಳಿದ್ದು ಕೇಳೋ ಮಗನ್ನ ಯಾಕಪ್ಪಾ ಬೈಲಿ?"

ಅವನು ಸಿಟ್ಟಾಗಲು ನೋಡಿದ. ಮುಷ್ಟಿ ಬಿಗಿದ, ಹಲ್ಲು ಕಚ್ಚಿದ, ಬಾಯಿ ತೆರೆದ.

"ಪರವಾಗಿಲ್ಲಮ್ಮ. ಇವತ್ತು ಎಷ್ಟು ಗುಂಡಿ ಹಾಕ್ಬೇಕು?"