ಬಂಪರಿನ ಹಸಿರು ಚಿಂದಿ

“ಯಾರೋ ನಮ್ಮ ನಂಬರ್ ಹಾಕ್ಕೊಂಡು ತಿರಗಾಕತ್ತಾರ. ಸೋಮವಾರ ನಾ ಸ್ಕೂಟರ್ ಮ್ಯಾಲ ದುಕಾನಕ್ಕ ಹೋಗಿದ್ದೆ, ಕಾರು ಮನ್ಯಾಗ ಇತ್ತು,” ಎನ್ನುತ್ತ ಯೋಗಿರಾಜ ಮೊಬೈಲಿನಲ್ಲಿ ಪೊಲೀಸರ ದಂಡದ ಚಲನ್ ವಿರುದ್ಧ ತಕರಾರು ಬರೆಯುತ್ತಿದ್ದ. ಅಕ್ಕಲಕೋಟ ರಸ್ತೆ, ವೇಗ ತೊಂಬತ್ತಾರು. ಹೆಂಡತಿ ಮನೀಷಾ ಮಡಚಿದ ಅಂಗಿಯನ್ನೇ ಮತ್ತೆ ಮತ್ತೆ ಮಡಚುತ್ತಿದ್ದಳು.

ಅವನು ಕ್ಯಾಮೆರಾದ ಫೋಟೊ ಹಿಗ್ಗಿಸಿದ. ಬಂಪರಿನಲ್ಲಿ ನಿಂಬೆಹಣ್ಣು, ಮೆಣಸಿನಕಾಯಿ. ಅಮಾವಾಸ್ಯೆಯಂದು ದಾರ ಸಿಗದೆ ಮನೀಷಾ ತನ್ನ ಹಳೆಯ ಸೀರೆಯ ಅಂಚು ಹರಿದು ಕಟ್ಟಿದ್ದಳು. ಅದೇ ಹಸಿರು ಚಿಂದಿ.

“ಕರಜಗಿಗೆ ಹೋಗಿದ್ದೇನು?” ಮಾವನೊಡನೆ ಜಗಳವಾದ ಮೇಲೆ ಅವಳು ಆ ತವರೂರಿಗೆ ಹೋಗಕೂಡದೆಂದು ಅವನೇ ಹೇಳಿದ್ದ.

“ಹೌದ್ರಿ. ಅಪ್ಪಗ ಆರಾಮ ಇರಲಿಲ್ಲ.”

“ಇಷ್ಟ ಜೋರ ಯಾಕ ಓಡಿಸಿದಿ?”

ಅವಳ ಕೈ ನಿಂತಿತು.

“ನೀವು ದುಕಾನ ಮುಚ್ಚೂದರೊಳಗ ತಿರುಗಿ ಬರಬೇಕಿತ್ತರಿ.”