ಕಾಫಿ ಬಣ್ಣ

ರುದ್ರಪ್ಪ ಬೈಕಿನಿಂದ ಬಿಚ್ಚಿದ ಸ್ಪಾರ್ಕ್ ಪ್ಲಗ್ಗನ್ನು ಬಟ್ಟೆಯಲ್ಲಿ ಹಿಡಿದು ಕಣ್ಣಿನ ಹತ್ತಿರ ತಂದ. ಬಿಸಿ ರೆಪ್ಪೆಗೆ ತಟ್ಟಿತು, ಬಣ್ಣ ಮಾತ್ರ ತಿಳಿಯಲಿಲ್ಲ. ಮಳೆಗಾಲದಿಂದೀಚೆಗೆ ಕಣ್ಣಿಗೆ ಪೊರೆ ಬಂದು ಎಲ್ಲವೂ ಮಬ್ಬುಮಬ್ಬು. ಬಾಳೂರಿನಲ್ಲಿ ಇದು ಯಾರಿಗೂ ಗೊತ್ತಿರಲಿಲ್ಲ. ಕಣ್ಣು ಕಾಣದ ಮೆಕ್ಯಾನಿಕ್ಕಿನ ಶೆಡ್ಡಿಗೆ ಯಾರು ಬರುತ್ತಾರೆ?

"ಹೆಂಗಿದೆ ಮಾವ?" ಹೊರಗೆ ಮಂಡಿಗೆ ಪಟ್ಟಿ ಬಿಗಿಯುತ್ತಿದ್ದ ಕುಮಾರ ಕೇಳಿದ. ರುದ್ರಪ್ಪನ ತಂಗಿಯ ಮಗ ಅವನು. ಭಾನುವಾರ ಮೂಡಿಗೆರೆಯಲ್ಲಿ ರೇಸ್ ಇತ್ತು. ಅದಕ್ಕೆ ಮುಂಚೆ ಗುಡ್ಡದಲ್ಲಿ ಒಂದು ಸುತ್ತು ಓಡಿಸಿ ನೋಡಬೇಕಿತ್ತು.

"ತಡಿ ಮಾರಾಯ. ಜಾತಕ ನೋಡೋಕೆ ಭಟ್ರೂ ಹೊತ್ತು ತಗೋತಾರೆ."

ಕುಮಾರ ಬೈಕಿಗೆ ಹೊಸ ರೇಸ್ ಸೈಲೆನ್ಸರ್ ಹಾಕಿಸಿದ್ದ. ಅದು ಹೊಗೆಯನ್ನು ಸಲೀಸಾಗಿ ಬಿಡುತ್ತದೆ, ಇಂಜಿನ್ ಹೆಚ್ಚು ಗಾಳಿ ಎಳೆಯುತ್ತದೆ. ಅದಕ್ಕೆ ತಕ್ಕಷ್ಟು ಪೆಟ್ರೋಲ್ ಸಿಗಲೆಂದು ರುದ್ರಪ್ಪ ಕಾರ್ಬೊರೇಟರಿಗೆ ದೊಡ್ಡ ತೂತಿನ ಜೆಟ್ ಕೂರಿಸಿದ್ದ. ಸಾಲುತ್ತದೋ ಇಲ್ಲವೋ ಹೇಳುವುದು ಪ್ಲಗ್ಗಿನ ತುದಿ. ಹುರಿದ ಕಾಫಿ ಬೀಜದ ಬಣ್ಣವಿದ್ದರೆ ಚಿಂತೆಯಿಲ್ಲ. ಕಪ್ಪಗಿದ್ದರೆ ಪೆಟ್ರೋಲ್ ಜಾಸ್ತಿ, ಬೆಳ್ಳಗಿದ್ದರೆ ಕಮ್ಮಿ. ಇಂಜಿನ್ ಕಾದು ಪಿಸ್ಟನ್ ಕಚ್ಚಿಕೊಳ್ಳುತ್ತದೆ, ಓಡುತ್ತಿದ್ದ ಚಕ್ರ ಒಮ್ಮೆಲೇ ನಿಲ್ಲುತ್ತದೆ. ಹದಿನೆಂಟು ವರ್ಷದ ಹಿಂದೆ ಕಳಸದ ಇಳಿಜಾರಿನಲ್ಲಿ, ರೇಸ್ ಓಡಿಸುತ್ತಿದ್ದ ಚಂದ್ರಶೇಖರನಿಗೆ ಹಾಗಾಗಿತ್ತು. ಅವನನ್ನು ಕಂಬಳಿಯಲ್ಲಿ ಹೊತ್ತು ತಂದ ನಾಲ್ವರಲ್ಲಿ ರುದ್ರಪ್ಪನೂ ಒಬ್ಬ.

ಶೆಡ್ಡಿನ ಹಿಂದೆಯೇ ಎಸ್ಟೇಟಿನ ಕಣ. ಪಾಪಮ್ಮ ಬಿಸಿಲಿಗೆ ಕಾಫಿ ಹರವುತ್ತಿದ್ದಳು. ರುದ್ರಪ್ಪ ಹಿಂಬಾಗಿಲಿನಿಂದ ಹೋಗಿ ದನಿ ತಗ್ಗಿಸಿದ.

"ಪಾಪಮ್ಮ, ಕನ್ನಡಕ ಮನೇಲಿ ಬಿಟ್ಬಂದೆ. ಈ ತುದಿ ನೋಡು, ಕಾಫಿ ಬಣ್ಣ ಇದ್ಯಾ?"

"ನಿಮ್ಗೆ ಕನ್ನಡಕ ಯಾವಾಗ ಬಂತು?"

"ನೋಡು ಅಂದ್ರೆ ನೋಡು."

ಅವಳು ಆಚೀಚೆ ತಿರುಗಿಸಿದಳು. "ಹೂಂ, ಕಾಫಿ ಬಣ್ಣಾನೇ."

"ಸರಿಯಾಗಿ ನೋಡಿದ್ಯಾ?"

"ಬೆಳಗಾದ್ರೆ ಕಾಫೀಲೇ ಬಿದ್ದಿರೋಳಿಗೆ ಕಾಫಿ ಬಣ್ಣ ಹೇಳ್ಕೊಡ್ತೀರಾ?"

ರುದ್ರಪ್ಪನ ಎದೆ ಹಗುರಾಯಿತು. ಪ್ಲಗ್ ಕೂರಿಸಿ ಬೈಕಿನ ಸೀಟು ತಟ್ಟಿದ. "ಹೋಗು. ಇಳಿಜಾರಲ್ಲಿ ಮಾತ್ರ ನಿಧಾನ."

"ನೀವು ನೋಡಿದ್ಮೇಲೆ ನಿಧಾನ ಯಾಕೆ ಮಾವ?" ಕುಮಾರ ನಕ್ಕು ಕಿಕ್ ಹೊಡೆದ. ಬೈಕು ಗುಡ್ಡ ಹತ್ತಿತು.

ರುದ್ರಪ್ಪ ಮತ್ತೆ ಕಣಕ್ಕೆ ಬಂದ. ಮನಸ್ಸು ತಡೆಯಲಿಲ್ಲ. "ತೀರಾ ಕಪ್ಪಗೇನೂ ಇರಲಿಲ್ವಲ್ಲ?"

"ಕಪ್ಪಾ? ಎಲ್ಲಿ ಕಪ್ಪು?" ಪಾಪಮ್ಮ ಕಣದಿಂದ ಒಂದು ಹಿಡಿ ಎತ್ತಿ ಅವನ ಅಂಗೈಗೆ ಹಾಕಿದಳು. "ಇದೇ ಬಣ್ಣ, ನೋಡಿ."

ನೋಡುವುದು ಬೇಕಿರಲಿಲ್ಲ. ಬೆರಳಿಗೆ ಗರಿಗರಿ ಸಿಪ್ಪೆ ಸಿಕ್ಕಿತು. ಹುರಿಯದ, ಸಿಪ್ಪೆ ಬಿಡಿಸದ ಪಾರ್ಚ್‌ಮೆಂಟ್. ಒಣಗಿದಷ್ಟೂ ಬೆಳ್ಳಗಾಗುವ ಕಾಫಿ.

ರುದ್ರಪ್ಪ ರಸ್ತೆಗೆ ಓಡಿದ. ಕುಮಾರನ ಹೆಸರು ಹಿಡಿದು ಕೂಗಿದ. ಬೈಕು ಆಗಲೇ ಗುಡ್ಡದ ಆಚೆ ಇಳಿಯುತ್ತಿತ್ತು. ಸದ್ದು ಏರಿತು, ಇನ್ನೂ ಏರಿತು, ಕೀರಲಾಯಿತು. ಆಮೇಲೆ ತಗ್ಗದೆಯೇ, ಒಮ್ಮೆಲೇ ನಿಂತಿತು.

"ಅಬ್ಬ, ಈಗ ಕಿವಿಗೆ ಹಾಯಾಯ್ತು ನೋಡಿ," ಎಂದು ಪಾಪಮ್ಮ ಕಣದಿಂದ ಕೂಗಿ ಹೇಳಿದಳು.