ಕೈಗೆ ತಿಳಿಯದ ಬಿಸಿ

"ಸಹಾಯಕ್ಕೆ ಬಂದವರು ನೀವೇನಾ? ಬಾಗಿಲಲ್ಲಿ ನಿಲ್ಲಬೇಡಿ, ಒಳಗೆ ಜಾಗ ಇದೆ, ಮುಂದೆ ಬನ್ನಿ!" ಎಂದು ಗಾಲಿಕುರ್ಚಿಯ ಹೆಂಗಸು ಕೂಗಿದಾಗ ಬೇಕರಿಯವನು ಕಕ್ಕಾಬಿಕ್ಕಿಯಾದ. ಅಲ್ಲ ಎನ್ನಬೇಕಿತ್ತು. ಬಾಯಿಂದ ಬಂದದ್ದು "ಹೂಂ".

ಬೆನ್ನುಹುರಿಯ ಕಾಯಿಲೆಯವರು ವಾರಕ್ಕೊಮ್ಮೆ ಸೇರುವ ಕೋಣೆ ಅದು. "ನಿಮ್ಮಂಥವರೇ ಸಿಗ್ತಾರೆ, ಹೋಗಿ ಮಾತಾಡಿ" ಎಂದು ಆಸ್ಪತ್ರೆಯ ನರ್ಸ್ ಕಳಿಸಿದ್ದಳು. ಒಳಗೆ ನೋಡಿದರೆ ಬರೀ ಗಾಲಿಕುರ್ಚಿಗಳು, ಊರುಗೋಲುಗಳು, ಕುತ್ತಿಗೆಗೆ ಪಟ್ಟಿ ಬಿಗಿದುಕೊಂಡ ಒಬ್ಬ ಮುದುಕ. ತಾನೋ, ಹೊರಟ ಬಸ್ಸನ್ನು ಓಡಿ ಹಿಡಿದು ಬಂದ ಗಟ್ಟಿ ಆಳು. ಇವರ ನಡುವೆ ಕೂತು "ನನಗೂ ಕಾಯಿಲೆ" ಎಂದರೆ ಯಾರು ನಂಬುತ್ತಾರೆ? ಬೇಕರಿಯ ಮಾಲೀಕರಂತೂ ನಂಬಿರಲಿಲ್ಲ, ಕೆಲಸ ತಪ್ಪಿಸಿಕೊಳ್ಳಲು ನೆಪ ಎಂದಿದ್ದರು. ಅಲ್ಲಿಗೂ ಸಲ್ಲದ, ಇಲ್ಲಿಗೂ ಸಲ್ಲದ ಎಡಬಿಡಂಗಿಯಾಗಿದ್ದ ಅವನು.

ಬೆನ್ನುಹುರಿಯೊಳಗೆ ಒಂದು ಟೊಳ್ಳು ಬೆಳೆದು ನೀರು ತುಂಬಿಕೊಂಡಿದೆ ಎಂದು ಡಾಕ್ಟರು ಹೇಳಿದ್ದರು. ಕೈಗೆ ಮುಟ್ಟಿದ್ದು ತಿಳಿಯುತ್ತದೆ, ಸುಟ್ಟದ್ದು ತಿಳಿಯುವುದಿಲ್ಲ. ಇದೆಂಥ ಕಾಯಿಲೆಯೆಂದು ಅವನಿಗೇ ಅರ್ಥವಾಗಿರಲಿಲ್ಲ, ಇನ್ನು ಊರಿಗೆಲ್ಲ ಏನು ಹೇಳುವುದು? ಮೊದಮೊದಲು ಒಲೆಯಿಂದ ಬನ್ನಿನ ತಟ್ಟೆಯನ್ನು ಬರಿಗೈಯಲ್ಲಿ ಎಳೆದಾಗ ಜೊತೆಯವರು "ಉಕ್ಕಿನ ಕೈ" ಎಂದು ಹೊಗಳಿದ್ದರು, ಅವನೂ ಉಬ್ಬಿ ಹೋಗಿದ್ದ. ಆ ಉಬ್ಬು ಇಳಿದದ್ದು ಮನೆಯಲ್ಲಿ. ಮಗಳ ಸ್ನಾನದ ನೀರಿಗೆ ಕೈ ಅದ್ದಿ "ಹದವಾಗಿದೆ" ಎಂದಿದ್ದ. ಹೆಂಡತಿ ಬೆರಳಿಟ್ಟವಳೇ ಚೀರಿ, ಮಗುವನ್ನು ಅವನ ತೋಳಿನಿಂದ ಕಿತ್ತುಕೊಂಡಿದ್ದಳು. ಅಂದಿನಿಂದ ಅವಳು ಕೊಟ್ಟಿರಲಿಲ್ಲ, ಅವನು ಕೇಳಿರಲಿಲ್ಲ. ಮಗಳು ತೊಟ್ಟಿಲಿನಿಂದ ಕೈ ಚಾಚಿದರೆ ತನ್ನ ಕೈಗಳನ್ನು ಕಳ್ಳನಂತೆ ಕಂಕುಳಲ್ಲಿ ಬಚ್ಚಿಟ್ಟುಕೊಳ್ಳುತ್ತಿದ್ದ. ಇನ್ನೆಂದಾದರೂ ಅವಳನ್ನು ಎತ್ತಿಕೊಳ್ಳಬಹುದೇ? ಅದೊಂದನ್ನು ಕೇಳಲೆಂದೇ ಬಂದಿದ್ದ. ಬಂದವನಿಗೆ ಸಿಕ್ಕಿದ್ದು ಟೀ ಹಂಚುವ ಕೆಲಸ.

ಗಾಲಿಕುರ್ಚಿಯ ಆ ಹೆಂಗಸನ್ನು ಎಲ್ಲರೂ ಕಂಡಕ್ಟರಮ್ಮ ಎನ್ನುತ್ತಿದ್ದರು. ಬಸ್ಸಿನಲ್ಲೇ ಬಿದ್ದು ಬೆನ್ನು ಮುರಿದು ಕಾಲು ಹೋಗಿತ್ತು, ಗಂಟಲು ಹೋಗಿರಲಿಲ್ಲ. ಬೇಕರಿಯವನು ಮೂಲೆಯ ಒಲೆಯಿಂದ ಕುದಿವ ಟೀ ಬಗ್ಗಿಸಿ, ಗಾಜಿನ ಲೋಟಗಳನ್ನು ಕೈಗೆರಡರಂತೆ ಹಿಡಿದು ತಂದು ಎಲ್ಲರ ಮುಂದಿಟ್ಟ. ಕಂಡಕ್ಟರಮ್ಮ ಲೋಟಕ್ಕೆ ಕೈ ಹಾಕಲಿಲ್ಲ. ಬಗ್ಗಿ ಕೆನ್ನೆಯನ್ನು ಅದರ ಹತ್ತಿರ ತಂದು, ತಟ್ಟನೆ ಹಿಂದೆ ಸರಿದಳು. ಆಮೇಲೆ ಅವನ ಮುಖ ನೋಡಿದಳು.

"ಇದನ್ನ ಅಲ್ಲಿಂದ ಬರಿಗೈಯಲ್ಲಿ ತಂದ್ರಾ?"

"ಅಭ್ಯಾಸ. ಬೇಕರಿ ಕೆಲಸ."

"ನಮ್ಮ ಬೀದೀಲೂ ಬೇಕರಿ ಇದೆ. ಅವರು ಬಟ್ಟೆ ಹಿಡ್ಕೊಳ್ತಾರೆ. ಎಲ್ಲಿ, ಕೈ ತೋರಿಸಿ."

ಅಂಗೈ ಕೆಂಪಾಗಿತ್ತು. ಹೆಬ್ಬೆರಳಿನ ಬುಡದಲ್ಲಿ ಬೊಬ್ಬೆ ಏಳುತ್ತಿತ್ತು.

"ನೋವಿಲ್ವಾ?"

"ಇಲ್ಲ" ಎಂದ, ತಪ್ಪು ಮಾಡಿ ಸಿಕ್ಕಿಬಿದ್ದವನ ಹಾಗೆ.

"ಅಯ್ಯೋ ಪುಣ್ಯಾತ್ಮ! ನಮ್ಮವರ ಕೈಯಲ್ಲೇ ನಮಗೆ ಟೀ ಹಂಚಿಸಿಬಿಟ್ಟೆನಲ್ಲ! ಯಾರಾದ್ರೂ ತಣ್ಣೀರು ತನ್ರಪ್ಪಾ!" ಕೋಣೆಯೆಲ್ಲ ಗೊಳ್ಳೆಂದಿತು. ಮುದುಕ ಊರುಗೋಲು ಊರುತ್ತಾ ಹೋಗಿ ಬಟ್ಟಲಲ್ಲಿ ನೀರು ತಂದ. ಕೈ ಮುಳುಗಿಸಿ ಕೂತ ಬೇಕರಿಯವನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ಆದ್ರೆ ನಾನು ನಡೀತೀನಲ್ಲ" ಎಂದ.

"ನಡೀರಿ, ಬೇಡ ಅಂದೋರು ಯಾರು? ನನಗೆ ಕಾಲು ಹೋಗಿ ಆಮೇಲೆ ಇದೇ ಕಾಯಿಲೆ ಮೇಲೇರಿ ಕೈಗೆ ಬಂತು, ನಿಮಗೆ ಕೈಯಿಂದಲೇ ಶುರು. ಹತ್ತಿದ ಸ್ಟಾಪು ಬೇರೆ, ಬಸ್ಸು ಅದೇ."

"ಇದು ಮುಂದೆ ಎಲ್ಲಿಗೆ ಹೋಗುತ್ತೆ?"

"ಅದು ನನಗೂ ಗೊತ್ತಿಲ್ಲ."

ಸುಳ್ಳು ಸಮಾಧಾನ ಹೇಳದ ಆ ಮಾತಿಗೇ ಅವನ ಬಾಯಿ ಬಿಚ್ಚಿತು. "ಮನೇಲಿ ಮಗು ಇದೆ" ಎಂದ. ಸ್ನಾನದ ನೀರು, ಹೆಂಡತಿ ಚೀರಿದ್ದು, ಎಲ್ಲವನ್ನೂ ಹೇಳಿದ. ಕಂಡಕ್ಟರಮ್ಮ ಈ ಸಲ ಕೂಗಲಿಲ್ಲ. "ನೀರಿಗೆ ಕೈ ಹಾಕಿ ನಂಬಬೇಡಿ. ಮೊದಲು ಹಬೆಗೆ ಮುಖ ಹಿಡೀರಿ, ಆಮೇಲೆ ಕೆನ್ನೆ ತಾಗಿಸಿ. ಕೆನ್ನೆ ಸುಳ್ಳು ಹೇಳಲ್ಲ. ಹೆಂಡತೀನೂ ನೋಡ್ಲಿ. ಅವರು ನಂಬೋವರೆಗೂ ದಿನಾ ಮಾಡಿ" ಎಂದಳು.

ಸಂಜೆ ಮನೆಯಲ್ಲಿ ಸ್ನಾನದ ಟಬ್ಬು ತುಂಬಿತ್ತು. ಪಟ್ಟಿ ಸುತ್ತಿದ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಅವನು ಮಂಡಿಯೂರಿ ಮುಖ ಬಗ್ಗಿಸಿದ. ಮಗುವನ್ನು ಸೊಂಟದಲ್ಲಿ ಹೊತ್ತಿದ್ದ ಹೆಂಡತಿ ಗಾಬರಿಯಾದಳು. "ಏನ್ರೀ ಇದು ಹುಚ್ಚಾಟ?"

"ಬಿಸಿ ಜಾಸ್ತಿ ಆಯ್ತು. ಒಂದು ಮಗ್ ತಣ್ಣೀರು ಹಾಕು."

ಅವಳು ಬೆರಳು ಅದ್ದಿದಳು. ತಣ್ಣೀರು ಸುರಿದಳು. ಅವನು ಮತ್ತೆ ಬಗ್ಗಿ, ನೀರಿನ ಮೇಲೆ ಕೆನ್ನೆ ಇಟ್ಟು ಹಾಗೇ ಇದ್ದ. "ಈಗ ಹದ" ಎಂದ. ಅವಳ ಬೆರಳು ಮತ್ತೆ ನೀರಿಗಿಳಿಯಿತು.

"ಹೌದು" ಎಂದಳು. ಬೆರಳು ಒರೆಸಿಕೊಂಡು, "ನಾಳೆನೂ ನೋಡಿ ಹೇಳಿ" ಎಂದಳು.

ಮಗುವನ್ನು ಕೊಡಲಿಲ್ಲ. ಆದರೆ ಅವನ ಪಕ್ಕದಲ್ಲೇ ಕುಕ್ಕರಿಸಿ ಕೂತು, ಮಗಳ ಒಂದು ಪುಟ್ಟ ಕಾಲನ್ನು ಅವನ ಒದ್ದೆ ಕೆನ್ನೆಗೆ ತಾಗಿಸಿದಳು. ಬೆಚ್ಚಗಿತ್ತು.